ಟೋನಿ ಬೆನ್ ಬೇಡವೆಂದ ಪದವಿ ಮಗನಿಗೆ ಬಂದದ್ದು ಹೇಗೆ?

ಪ್ರಶ್ನೆ: ಬ್ರಿಟನ್ನಿನ ಲೇಬರ್ ಪಕ್ಷದ ನಾಯಕ ಟೋನಿ ಬೆನ್ ತಮಗೆ ವಂಶದಿಂದ ಬಂದ ಲಾರ್ಡ್ ಪದವಿಯನ್ನು ಹೋರಾಡಿ ಬಿಟ್ಟರು ಎಂದು ಓದಿದ್ದೆ. ಆದರೆ ಅವರ ಹಿರಿಯ ಮಗ ವೈಕೌಂಟ್ ಸ್ಟಾನ್ಸ್‌ಗೇಟ್ ಎಂಬ ಹೆಸರಿನಲ್ಲಿ ಸಂಸತ್ತಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ಗೆ ಹೋಗಿದ್ದಾರಂತೆ. ಬಿಟ್ಟ ಪದವಿ ಮತ್ತೆ ಬಂದದ್ದು ಹೇಗೆ? ಬೇಡ ಎನ್ನುವುದಕ್ಕೆ ಹೋರಾಟವೇ ಯಾಕೆ ಬೇಕಿತ್ತು, ಒಂದು ರಾಜೀನಾಮೆ ಪತ್ರ ಸಾಕಾಗುತ್ತಿರಲಿಲ್ಲವೇ? ಇವರದು ದೊಡ್ಡ ಜಮೀನ್ದಾರಿ ಮನೆತನವೇ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ಲಾರ್ಡ್ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಸಾವಿರಾರು ಎಕರೆ ಭೂಮಿ, ನೂರು ಕೋಣೆಗಳ ಬಂಗಲೆ, ಗೋಡೆಯ ತುಂಬ ಪೂರ್ವಜರ ಚಿತ್ರಗಳು. ಬೆನ್ ಮನೆತನದಲ್ಲಿ ಇದಾವುದೂ ಇರಲಿಲ್ಲ. ಟೋನಿ ಬೆನ್ ಎಸ್ಟೇಟ್ ತ್ಯಾಗ ಮಾಡಿ ಸಮಾಜವಾದಿಯಾದ ಶ್ರೀಮಂತ ಎಂದು ಬರೆಯುವವರು ಇಂದಿಗೂ ಇದ್ದಾರೆ. ಅವರು ಬಿಟ್ಟ ಪದವಿಗೆ ಆಗ ತುಂಬಿದ್ದದ್ದು ಇಪ್ಪತ್ತೊಂದು ವರ್ಷ, ಅದರ ಜೊತೆಗೆ ಒಂದು ಗುಂಟೆ ಜಮೀನೂ ಬಂದಿರಲಿಲ್ಲ.

ಮನೆತನದ ಬೇರು ಇರುವುದು ಪಾದ್ರಿಗಳಲ್ಲಿ, ಪತ್ರಿಕಾ ವ್ಯಾಪಾರದಲ್ಲಿ. ಮುತ್ತಜ್ಜ ಜೂಲಿಯಸ್ ಬೆನ್ ಕಾಂಗ್ರಿಗೇಷನಲ್ ಪಂಥದ ಪಾದ್ರಿ. ಈ ಪಂಥದವರಿಗೆ ಬಿಷಪ್ಪರಿಲ್ಲ. ಮೇಲಿನವರ ಅಪ್ಪಣೆಗೆ ತಲೆಬಾಗುವುದು ಅವರ ಜಾಯಮಾನವೇ ಅಲ್ಲ. 1883ರಲ್ಲಿ ಈ ಜೂಲಿಯಸ್‌ರನ್ನು ಅವರ ಮಗ ವಿಲಿಯಂ, ಬುದ್ಧಿಭ್ರಮಣೆಯ ಸ್ಥಿತಿಯಲ್ಲಿ, ಮೂತ್ರದ ಪಾತ್ರೆಯಿಂದ ತಲೆಗೆ ಹೊಡೆದು ಕೊಂದ. ವಿಲಿಯಂ ಬ್ರಾಡ್‌ಮೂರ್ ಮಾನಸಿಕ ಆಸ್ಪತ್ರೆ ಸೇರಿ, ಕೆಲವು ವರ್ಷಗಳ ಬಳಿಕ ಬಿಡುಗಡೆಯಾಗಿ, ಬೆನ್ ಎಂಬ ಹೆಸರನ್ನೇ ಕೈಬಿಟ್ಟ. ಅವನ ಮಗಳೇ ಪತ್ತೇದಾರಿ ಮಿಸ್ ಮಾರ್ಪಲ್ ಪಾತ್ರದಿಂದ ಹೆಸರಾದ ನಟಿ ಮಾರ್ಗರೆಟ್ ರದರ್‌ಫರ್ಡ್. ತೆರೆಯ ಮೇಲೆ ಕೊಲೆಗಳ ಜಾಡು ಹಿಡಿದ ಈಕೆ ಸ್ವಂತ ಮನೆಯ ಕೊಲೆಯ ಬಗ್ಗೆ ಹೊರಗೆ ಮಾತೆತ್ತುತ್ತಿರಲಿಲ್ಲ. ನಿಮ್ಮ ಪ್ರಶ್ನೆಗೆ ಇದು ನೇರವಾಗಿ ಸಂಬಂಧಿಸಿದ್ದಲ್ಲ, ಆದರೂ ಈ ಕುಟುಂಬದ ಬಗ್ಗೆ ಬರೆಯುವಾಗ ಬಿಡಲು ಮನಸ್ಸಾಗುವುದಿಲ್ಲ.

ಜೂಲಿಯಸ್‌ರ ಇನ್ನೊಬ್ಬ ಮಗ ಜಾನ್ ಬೆನ್ ಪೀಠೋಪಕರಣ ವ್ಯಾಪಾರಿಗಳಿಗಾಗಿ ಪತ್ರಿಕೆ ಹೊರಡಿಸಿ ಪ್ರಕಾಶನ ಸಂಸ್ಥೆ ಕಟ್ಟಿದರು. ಲಂಡನ್ ಕೌಂಟಿ ಕೌನ್ಸಿಲ್‌ನ ಅಧ್ಯಕ್ಷರೂ, ಲಿಬರಲ್ ಪಕ್ಷದ ಸಂಸದರೂ ಆದರು. 1914ರಲ್ಲಿ ಅವರಿಗೆ ಬ್ಯಾರೊನೆಟ್ ಪದವಿ ಸಿಕ್ಕಿತು. ಬ್ಯಾರೊನೆಟ್ ಎಂದರೆ ಲಾರ್ಡ್ ಅಲ್ಲ. ಹೆಸರಿನ ಹಿಂದೆ ‘ಸರ್’ ಬರುತ್ತದೆ, ಅದು ವಂಶಕ್ಕೂ ಇಳಿಯುತ್ತದೆ, ಆದರೆ ಸಂಸತ್ತಿನಲ್ಲಿ ಕುರ್ಚಿ ಕೊಡುವುದಿಲ್ಲ. ಆ ಪದವಿ ಹಿರಿಯ ಮಗ ಅರ್ನೆಸ್ಟ್‌ಗೆ ಹೋಯಿತು. ಸರ್ಕಾರ ಯಾವುದಕ್ಕೂ ಕೈ ಹಾಕಬಾರದು ಎಂದು ವಾದಿಸುತ್ತಿದ್ದ ಈ ಅರ್ನೆಸ್ಟ್, ಸರ್ಕಾರವೇ ಎಲ್ಲವನ್ನೂ ನಡೆಸಬೇಕೆಂದ ಟೋನಿಗೆ ದೊಡ್ಡಪ್ಪ.

ಜಾನ್‌ರ ಇನ್ನೊಬ್ಬ ಮಗ ವಿಲಿಯಂ ವೆಜ್‌ವುಡ್ ಬೆನ್ ಟೋನಿಯ ತಂದೆ. 1906ರಲ್ಲಿ ಲಿಬರಲ್ ಸಂಸದ. ಮೊದಲ ಮಹಾಯುದ್ಧದಲ್ಲಿ ವಿಮಾನದಳ ಸೇರಿ ಶೌರ್ಯ ಪದಕಗಳನ್ನು ಗಳಿಸಿದವರು. 1927ರಲ್ಲಿ ಲಿಬರಲ್ ಪಕ್ಷ ಬಿಟ್ಟು ಲೇಬರ್ ಸೇರಿದಾಗ, ಹಳೆಯ ಪಕ್ಷದ ಮತಗಳಿಂದ ಸಿಕ್ಕ ಸ್ಥಾನವನ್ನು ಇಟ್ಟುಕೊಳ್ಳುವುದು ಸರಿಯಲ್ಲ ಎಂದು ಅದಕ್ಕೂ ರಾಜೀನಾಮೆ ಕೊಟ್ಟು, ಮರುವರ್ಷ ಅಬರ್ಡೀನ್‌ನಿಂದ ಹೊಸದಾಗಿ ಗೆದ್ದು ಬಂದರು. ಪಕ್ಷಾಂತರದ ಕಾಲದಲ್ಲಿರುವ ನಮಗೆ ಇದು ಪುರಾಣದ ಕಥೆಯಂತೆ ಕೇಳಿಸಬಹುದು. ಮುಂದೆ ಮಗ ಮಾಡಿದ ಹೋರಾಟದ ಬೀಜ ಇಲ್ಲೇ ಇದೆ ಅನಿಸುತ್ತದೆ ನನಗೆ. ಈ ಮನೆಯಲ್ಲಿ ಸಂಸತ್ತಿನ ಸ್ಥಾನವನ್ನು ಮತದಾರರು ನಂಬಿ ಕೊಟ್ಟ ಇಡುಗಂಟು ಎಂದೇ ನೋಡುತ್ತಿದ್ದರು.

ನಮ್ಮ ಇತಿಹಾಸಕ್ಕೂ ಈ ವಿಲಿಯಂ ಪರಿಚಿತರೇ. 1929ರಿಂದ 1931ರವರೆಗೆ ರಾಮ್ಸೆ ಮ್ಯಾಕ್‌ಡೊನಾಲ್ಡ್ ಸಂಪುಟದಲ್ಲಿ ಭಾರತ ವ್ಯವಹಾರಗಳ ಸಚಿವರಾಗಿದ್ದವರು ಇವರೇ. ಡೊಮಿನಿಯನ್ ಸ್ಥಾನಮಾನದ ಬಗ್ಗೆ ವೈಸ್‌ರಾಯ್ ಇರ್ವಿನ್ ಮಾಡಿದ ಘೋಷಣೆ, ಲಾಹೋರಿನ ಪೂರ್ಣ ಸ್ವರಾಜ್ಯ ನಿರ್ಣಯ, ದಂಡಿ ಯಾತ್ರೆ, ನಮ್ಮ ಅಂಕೋಲೆಯ ಉಪ್ಪಿನ ಸತ್ಯಾಗ್ರಹ, ಗಾಂಧೀಜಿಯವರ ಬಂಧನ, ಗಾಂಧಿ-ಇರ್ವಿನ್ ಒಪ್ಪಂದ ಎಲ್ಲವೂ ಅವರ ಅವಧಿಯಲ್ಲೇ ನಡೆದವು. 1930ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಸೇರಿದ ಮೊದಲ ದುಂಡುಮೇಜಿನ ಸಮ್ಮೇಳನಕ್ಕೆ ಮೈಸೂರಿನ ದಿವಾನ್ ಮಿರ್ಜಾ ಇಸ್ಮಾಯಿಲ್ ಹೋದಾಗಲೂ ಭಾರತದ ಖಾತೆ ಇವರದೇ. ಇವರನ್ನು ಭಾರತದ ಮಿತ್ರ ಎಂದು ಹೊಗಳುವ ಬರಹಗಳಿವೆ. ಅವು ಅರ್ಧ ಸತ್ಯ. ಮಾತುಕತೆಗೆ ಬಾಗಿಲು ತೆರೆದದ್ದು ನಿಜ, ಸಾವಿರಾರು ಸತ್ಯಾಗ್ರಹಿಗಳು ಜೈಲು ಸೇರಿದಾಗ ಲಂಡನ್ನಿನ ಕುರ್ಚಿಯಲ್ಲಿದ್ದದ್ದೂ ಅಷ್ಟೇ ನಿಜ. 1931ರ ಶರತ್ಕಾಲದಲ್ಲಿ ಗಾಂಧೀಜಿ ಲಂಡನ್ನಿಗೆ ಬರುವಷ್ಟರಲ್ಲಿ ಸರ್ಕಾರ ಬದಲಾಗಿ ವಿಲಿಯಂ ಸಚಿವ ಸ್ಥಾನ ಕಳೆದುಕೊಂಡಿದ್ದರು. ಆದರೂ ಗಾಂಧೀಜಿಯನ್ನು ಕಾಣಲು ಹೋದರು, ಆರು ವರ್ಷದ ಟೋನಿಯೂ ಜೊತೆಗಿದ್ದ. ಆ ಭೇಟಿಯನ್ನು ಟೋನಿ ಮುದಿತನದವರೆಗೂ ಹೇಳಿಕೊಳ್ಳುತ್ತಿದ್ದರು.

ತಾಯಿ ಮಾರ್ಗರೆಟ್ ಸ್ಕಾಟ್ಲೆಂಡಿನವರು, ಅವರ ತಂದೆಯೂ ಲಿಬರಲ್ ಸಂಸದ. ಧರ್ಮಶಾಸ್ತ್ರದಲ್ಲಿ ಪಳಗಿದ ಮಾರ್ಗರೆಟ್, ಹೆಂಗಸರಿಗೂ ಪಾದ್ರಿಯಾಗುವ ಹಕ್ಕಿರಬೇಕೆಂದು ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲೇ ವಾದಿಸಿದವರು. ಇಂಗ್ಲೆಂಡಿನ ಚರ್ಚು ಒಪ್ಪದಿದ್ದಾಗ ಅದನ್ನು ಬಿಟ್ಟು ಕಾಂಗ್ರಿಗೇಷನಲ್ ಪಂಥ ಸೇರಿ, ಮುಂದೆ ಕಾಂಗ್ರಿಗೇಷನಲ್ ಫೆಡರೇಷನ್ನಿನ ಮೊದಲ ಅಧ್ಯಕ್ಷೆಯಾದರು. ಬೈಬಲ್ಲಿನ ಕಥೆಗಳೆಲ್ಲ ಅಧಿಕಾರವಿದ್ದ ರಾಜರಿಗೂ ಧರ್ಮ ಹೇಳಿದ ಪ್ರವಾದಿಗಳಿಗೂ ನಡೆದ ಜಗಳ, ನೀನು ಪ್ರವಾದಿಗಳ ಕಡೆ ಇರಬೇಕು ಎಂದು ಅಮ್ಮ ಹೇಳಿಕೊಟ್ಟಿದ್ದರು ಎನ್ನುವುದನ್ನು ಟೋನಿ ಎಷ್ಟೋ ಭಾಷಣಗಳಲ್ಲಿ ನೆನೆದಿದ್ದಾರೆ.

ವೈಕೌಂಟ್, ಅರ್ಲ್, ಬ್ಯಾರನ್ ಎಲ್ಲವೂ ಲಾರ್ಡ್ ಪದವಿಯ ದರ್ಜೆಗಳು. ಇಂಥ ಮನೆಗೆ ವೈಕೌಂಟ್ ಪದವಿ ಬಂದದ್ದು ಹೇಗೆ ಎಂದರೆ, ಯುದ್ಧಕಾಲದ ಒಂದು ಆಡಳಿತಾತ್ಮಕ ಅಗತ್ಯಕ್ಕಾಗಿ. ಚರ್ಚಿಲ್ಲರ ಸಮ್ಮಿಶ್ರ ಸರ್ಕಾರದಲ್ಲಿ ಲೇಬರ್ ಪಾಲುದಾರ ಪಕ್ಷ. ಆದರೆ ಮೇಲ್ಮನೆಯಲ್ಲಿ ಪಕ್ಷದ ಪರವಾಗಿ ಮಾತನಾಡಲು ಜನವೇ ಇರಲಿಲ್ಲ. ಆಜೀವ ಸದಸ್ಯತ್ವ, ಅಂದರೆ ವಂಶಕ್ಕೆ ಇಳಿಯದ ಲಾರ್ಡ್ ಪದವಿ, ವ್ಯಾಪಕವಾಗಿ ಜಾರಿಗೆ ಬಂದದ್ದು 1958ರಲ್ಲಿ. ಅಲ್ಲಿಯವರೆಗೆ ರಾಜಕಾರಣಿಯೊಬ್ಬನನ್ನು ಲಾರ್ಡ್ಸ್‌ಗೆ ಕಳಿಸಬೇಕೆಂದರೆ ಅವನ ಮಗ, ಮೊಮ್ಮಗ, ಮರಿಮಗನನ್ನೂ ಸೇರಿಸಿಯೇ ಕಳಿಸಬೇಕಿತ್ತು. 1942ರ ಜನವರಿಯಲ್ಲಿ ವಿಲಿಯಂ, ಎಸೆಕ್ಸ್‌ನ ಬ್ಲ್ಯಾಕ್‌ವಾಟರ್ ನದಿ ದಡದಲ್ಲಿ ತಮ್ಮ ಬೇಸಿಗೆ ಮನೆಯಿದ್ದ ಊರಿನ ಹೆಸರಿಟ್ಟುಕೊಂಡು ವೈಕೌಂಟ್ ಸ್ಟಾನ್ಸ್‌ಗೇಟ್ ಆದರು.

ಒಪ್ಪಿಕೊಳ್ಳುವ ಮೊದಲು ಹಿರಿಯ ಮಗ ಮೈಕೆಲ್‌ನನ್ನು ಕೇಳಿದ್ದರು. ಮೈಕೆಲ್‌ಗೆ ಪಾದ್ರಿಯಾಗುವ ಆಸೆ. ಕೆಳಮನೆಯಾದ ಹೌಸ್ ಆಫ್ ಕಾಮನ್ಸ್ ಅವನ ದಾರಿಯೇ ಅಲ್ಲ, ಹಾಗಾಗಿ ಆಗಲಿ ಎಂದ. ಹದಿನಾರರ ಟೋನಿಯನ್ನು ಯಾರೂ ಕೇಳಲಿಲ್ಲ. ಎರಡನೇ ಮಗನನ್ನು ಕೇಳುವ ಅಗತ್ಯವೂ ಇರಲಿಲ್ಲ. 1944ರ ಜೂನ್‌ನಲ್ಲಿ ವಾಯುಪಡೆಯ ಪೈಲಟ್ ಆಗಿದ್ದ ಮೈಕೆಲ್ ವಿಮಾನ ಅಪಘಾತದಲ್ಲಿ ತೀರಿಕೊಂಡ. ಟೋನಿ ಆಗ ಆಫ್ರಿಕದ ರೊಡೀಶಿಯದಲ್ಲಿ ಪೈಲಟ್ ತರಬೇತಿಯಲ್ಲಿದ್ದ. ಅಣ್ಣನ ಸಾವಿನ ಸುದ್ದಿಯ ಜೊತೆಗೆ ಅಣ್ಣ ಒಪ್ಪಿಕೊಂಡಿದ್ದ ಪದವಿಯೂ ತಮ್ಮನ ತಲೆಗೆ ಬಂತು.

ಈಗ ರಾಜೀನಾಮೆಯ ಪ್ರಶ್ನೆ. ಲಾರ್ಡ್ ಪದವಿಯನ್ನು ಆಗಿನ ಕಾನೂನು ಹುದ್ದೆ ಎಂದು ನೋಡುತ್ತಿರಲಿಲ್ಲ, ರಕ್ತಕ್ಕೆ ಅಂಟಿದ ಆಸ್ತಿ ಎಂದು ನೋಡುತ್ತಿತ್ತು. ಆಸ್ತಿ ಎಂದರೂ ಮಾರುವ ಹಾಗಿಲ್ಲ, ದಾನ ಕೊಡುವ ಹಾಗಿಲ್ಲ, ರಾಜನಿಗೇ ಹಿಂದಿರುಗಿಸುವ ಹಾಗೂ ಇಲ್ಲ. ಹುಟ್ಟದ ಮೊಮ್ಮಕ್ಕಳಿಗೂ ಅದರಲ್ಲಿ ಪಾಲಿದೆ, ಹಾಗಾಗಿ ಈಗಿರುವವನು ಅದನ್ನು ಕಳೆಯಲು ಯಾರು ಎಂಬುದು ವಾದ. 1678ರಲ್ಲೇ ವೈಕೌಂಟ್ ಪರ್ಬೆಕ್ ಎಂಬ ಪದವಿಯ ಪ್ರಕರಣದಲ್ಲಿ ಲಾರ್ಡ್ಸ್ ಹೀಗೆಂದು ತೀರ್ಮಾನಿಸಿಬಿಟ್ಟಿದ್ದರು. ಅವಿಭಕ್ತ ಕುಟುಂಬದ ಪಿತ್ರಾರ್ಜಿತವನ್ನು ಯಜಮಾನನೊಬ್ಬನೇ ಬರೆದುಕೊಡಲಾಗದು ಎನ್ನುವ ನಮ್ಮ ಹಳೆಯ ತಕರಾರನ್ನು ಬಲ್ಲವರಿಗೆ ಇದರ ತರ್ಕ ಬೇಗ ಹಿಡಿಯುತ್ತದೆ. ಆದರೆ ಅಲ್ಲಿ ಪಾಲು ಮಾಡಿಕೊಳ್ಳುವ ದಾರಿಯೂ ಇರಲಿಲ್ಲ.

ಲಾರ್ಡ್ ಆದವನು ಆಗ ಕೆಳಮನೆಗೆ ಸ್ಪರ್ಧಿಸುವಂತಿರಲಿಲ್ಲ, ಲೋಕಸಭೆಯಂಥ ಆ ಮನೆಯ ಚುನಾವಣೆಯಲ್ಲಿ ಮತ ಹಾಕುವಂತೆಯೂ ಇರಲಿಲ್ಲ. ಹಿಂದಿನ ಶತಮಾನಗಳಲ್ಲಿ ಇದು ಯಾರಿಗೂ ಭಾರವಾಗಿರಲಿಲ್ಲ. ಅಧಿಕಾರ ಮೇಲ್ಮನೆಯಿಂದ ಕೆಳಮನೆಗೆ ಇಳಿಯುತ್ತ ಬಂದಂತೆ ಪದವಿ ಬೇಡಿಯಾಯಿತು. 1895ರಲ್ಲಿ ಸೆಲ್ಬೋರ್ನ್ ಅರ್ಲ್ ಪದವಿಗೆ ವಾರಸುದಾರನಾದ ಸಂಸದ ಕೆಳಮನೆಯಲ್ಲೇ ಉಳಿಯಲು ಯತ್ನಿಸಿ ಸೋತ. ಅವನ ಬೆನ್ನಿಗಿದ್ದ ಗೆಳೆಯರಲ್ಲಿ ಒಬ್ಬ, ಮುಂದೆ ನಮ್ಮ ವೈಸ್‌ರಾಯ್ ಆಗಿ ಬಂದ ಕರ್ಜನ್. ಕರ್ಜನ್ ಆ ಪಾಠ ಚೆನ್ನಾಗಿ ಕಲಿತಿದ್ದ. 1898ರಲ್ಲಿ ಭಾರತಕ್ಕೆ ಬರುವಾಗ ಅವನು ಕೇಳಿ ತೆಗೆದುಕೊಂಡದ್ದು ಐರ್ಲೆಂಡಿನ ಬ್ಯಾರನ್ ಪದವಿಯನ್ನು. ಐರಿಷ್ ಪದವಿ ಇದ್ದರೆ ಕೆಳಮನೆಗೆ ಸ್ಪರ್ಧಿಸಲು ಅಡ್ಡಿಯಿರಲಿಲ್ಲ! ಆದರೂ ಕೊನೆಗೆ ಅವನು ಲಾರ್ಡ್ಸ್‌ನಲ್ಲೇ ಉಳಿಯಬೇಕಾಯಿತು. 1923ರಲ್ಲಿ ಪ್ರಧಾನಿ ಹುದ್ದೆ ಕೈತಪ್ಪಿ ಬಾಲ್ಡ್‌ವಿನ್‌ಗೆ ಹೋದದ್ದಕ್ಕೆ ಅವನು ಮೇಲ್ಮನೆಯವನಾಗಿದ್ದದ್ದೂ ಒಂದು ಕಾರಣ.

ಟೋನಿ ಬೆನ್ ಸಂಸದರಾದದ್ದು 1950ರ ನವೆಂಬರ್ 30ರಂದು, ಬ್ರಿಸ್ಟಲ್ ಸೌತ್ ಈಸ್ಟ್ ಕ್ಷೇತ್ರದ ಉಪಚುನಾವಣೆಯಲ್ಲಿ. 1942ರ ಕ್ರಿಪ್ಸ್ ಮಿಷನ್‌ನಿಂದ ನಮಗೆ ಗೊತ್ತಿರುವ ಸ್ಟಾಫರ್ಡ್ ಕ್ರಿಪ್ಸ್ ಅನಾರೋಗ್ಯದಿಂದ ತೆರವು ಮಾಡಿದ ಸ್ಥಾನ ಅದು. ವಯಸ್ಸು ಇಪ್ಪತ್ತೈದು. ಮೈಮೇಲೆ ವೈಕೌಂಟ್ ಪದವಿಯ ಗಡುವು ತೂಗುತ್ತಲೇ ಇತ್ತು. ತಂದೆ ಬದುಕಿರುವವರೆಗೆ ಮಾತ್ರ ಈ ಕುರ್ಚಿ. ತಂದೆಗೂ ಇದು ಕೊರಗಾಗಿತ್ತು. 1955ರಲ್ಲಿ ಅಪ್ಪ-ಮಗ ಸೇರಿ, ಈ ಒಂದು ಪದವಿಯನ್ನು ಮಾತ್ರ ಬಿಡಲು ಅವಕಾಶ ಕೊಡುವ ಮಸೂದೆಗೆ ಪ್ರಯತ್ನಿಸಿದರು. ಲಾರ್ಡ್ಸ್ ಒಪ್ಪಲಿಲ್ಲ.

1960ರ ನವೆಂಬರ್ 17ರಂದು ವಿಲಿಯಂ ತೀರಿಕೊಂಡರು. ಆ ಕ್ಷಣಕ್ಕೆ ಮಗ ಎರಡನೇ ವೈಕೌಂಟ್. ಪತ್ರ ಬೇಕಿಲ್ಲ, ಸಹಿ ಬೇಕಿಲ್ಲ, ಸಮಾರಂಭ ಬೇಕಿಲ್ಲ. ಸಂಸದರ ಸಂಬಳ ನಿಂತಿತು, ಸದನದ ಬಾಗಿಲು ಮುಚ್ಚಿತು. ಪದವಿಯನ್ನು ತ್ಯಜಿಸುವ ಪತ್ರವನ್ನು ಅವರು ಬರೆದೇ ಬರೆದರು, ಅಂದರೆ ನೀವು ಹೇಳುವ ರಾಜೀನಾಮೆ. ಅದಕ್ಕೆ ಕಾನೂನಿನ ಬೆಲೆಯಿಲ್ಲ ಎಂದು 1961ರ ಮಾರ್ಚ್‌ನಲ್ಲಿ ಸದನದ ಹಕ್ಕುಬಾಧ್ಯತಾ ಸಮಿತಿ ಹೇಳಿತು. ಕ್ಷೇತ್ರ ತೆರವಾಗಿದೆ ಎಂದು ಉಪಚುನಾವಣೆ ಘೋಷಿಸಿದಾಗ ಬೆನ್ ಮತ್ತೆ ನಾಮಪತ್ರ ಸಲ್ಲಿಸಿದರು.

ಮೇ 4ರಂದು ಮತದಾನ. ಕನ್ಸರ್ವೇಟಿವ್ ಅಭ್ಯರ್ಥಿ ಮಾಲ್ಕಂ ಸೇಂಟ್ ಕ್ಲೇರ್‌ನ ಕಡೆಯವರು, ಬೆನ್ ಅನರ್ಹ, ಅವರಿಗೆ ಹಾಕಿದ ಮತ ವ್ಯರ್ಥ ಎಂದು ಮತದಾರರಿಗೆ ಔಪಚಾರಿಕವಾಗಿ ತಿಳಿಸಿದ್ದರು. ಇದು ಬರೀ ಪ್ರಚಾರವಲ್ಲ, ಜಾಣ ಕಾನೂನು ನಡೆ. ಗೊತ್ತಿದ್ದೂ ಅನರ್ಹನಿಗೆ ಮತ ಹಾಕಿದರೆ ಆ ಮತಗಳನ್ನು ಕಸವೆಂದು ಎಣಿಸಿ ಎರಡನೆಯವನನ್ನು ಗೆಲ್ಲಿಸಬಹುದು. ಗೊತ್ತಿಲ್ಲದೆ ಹಾಕಿದ್ದರೆ ಮಾತ್ರ ಮರುಚುನಾವಣೆ. ಬ್ರಿಸ್ಟಲ್ಲಿನ ಜನಕ್ಕೆ ಗೊತ್ತಿತ್ತು. ಗೊತ್ತಿದ್ದೇ ಬೆನ್‌ಗೆ 23,275 ಮತ ಹಾಕಿದರು, ಸೇಂಟ್ ಕ್ಲೇರ್‌ಗೆ 10,231. 1959ರಲ್ಲಿ ಆರು ಸಾವಿರದೊಳಗಿದ್ದ ಅಂತರ 13,044ಕ್ಕೆ ಏರಿತು. ಕನ್ಸರ್ವೇಟಿವ್ ಪಕ್ಷದ ಹಿರಿಯ ಚರ್ಚಿಲ್ ಕೂಡ ಬೆನ್ ಪರವಾಗಿದ್ದರು. ಅವರು ಬರೆದಿದ್ದ ಬೆಂಬಲದ ಪತ್ರದ ಪ್ರತಿಗಳು ಕ್ಷೇತ್ರದಲ್ಲಿ ಹಂಚಿಕೆಯಾದವು.

ಗೆದ್ದ ಬೆನ್ ಮೇ 8ರಂದು ಸದನಕ್ಕೆ ಹೋದರು. ಬಾಗಿಲಲ್ಲಿ ನಿಂತಿದ್ದ ದ್ವಾರಪಾಲಕ ಸ್ಪೀಕರ್ ಆಜ್ಞೆಯಂತೆ ಅವರನ್ನು ಒಳಗೆ ಬಿಡಲಿಲ್ಲ. ಪ್ರಕರಣ ಇಬ್ಬರು ನ್ಯಾಯಾಧೀಶರ ಚುನಾವಣಾ ನ್ಯಾಯಾಲಯಕ್ಕೆ ಹೋಯಿತು. ವಕೀಲನಲ್ಲದ ಬೆನ್ ತಮ್ಮ ವಾದವನ್ನು ತಾವೇ ಮಂಡಿಸಿದರು, ಶತಮಾನಗಳ ಹಿಂದಿನ ತೀರ್ಪುಗಳನ್ನು ಕೆದಕಿ ದಿನಗಟ್ಟಲೆ ಮಾತನಾಡಿದರು. ಜುಲೈ 28ಕ್ಕೆ ತೀರ್ಪು ಬಂತು: ಬೆನ್ ಅನರ್ಹ, ಸೇಂಟ್ ಕ್ಲೇರ್ ಸಂಸದ. ನ್ಯಾಯಾಲಯದ ಖರ್ಚು ಬೇರೆ ಬೆನ್ ತಲೆಗೆ ಬಿತ್ತು. ಇದರಲ್ಲಿ ಇನ್ನೊಂದು ತಮಾಷೆ ಇದೆ. ಸೇಂಟ್ ಕ್ಲೇರ್ ಸ್ವತಃ ಇನ್ನೊಂದು ಲಾರ್ಡ್ ಪದವಿಗೆ ವಾರಸುದಾರನ ಸಾಲಿನಲ್ಲಿದ್ದ. ಬೆನ್‌ಗೆ ಬಡಿದ ಬಾಗಿಲು ಯಾವತ್ತಾದರೂ ಅವನಿಗೂ ಬಡಿಯಬಹುದಿತ್ತು.

ನ್ಯಾಯಾಧೀಶರನ್ನು ಬೈದವರು ಅಂದು ಬಹಳ ಜನ. ನನ್ನ ಅಭಿಪ್ರಾಯದಲ್ಲಿ ತೀರ್ಪು ಕಾನೂನಿನ ಪ್ರಕಾರ ಸರಿಯಾಗಿಯೇ ಇತ್ತು. ಹಳೆಯ ಕಾನೂನು ಅಷ್ಟು ಸ್ಪಷ್ಟವಾಗಿತ್ತು. ಬೆನ್ ಗೆದ್ದದ್ದು ನ್ಯಾಯಾಲಯದ ಹೊರಗೆ. ಹದಿಮೂರು ಸಾವಿರ ಮತಗಳಿಂದ ಸೋತವನು ಸಂಸತ್ತಿನಲ್ಲಿ ಕುಳಿತಿದ್ದಾನೆ ಎನ್ನುವುದನ್ನು ಯಾರಿಗೂ ವಿವರಿಸಿ ಹೇಳಬೇಕಾಗಿರಲಿಲ್ಲ. ಪದವಿ ಬೇಡವೆಂದವನ ಸಂಕಟ ಎಂದು ಶುರುವಾದದ್ದು, ತಾವು ಆರಿಸಿದವನನ್ನು ಕಳಿಸುವ ಹಕ್ಕು ಮತದಾರರಿಗೆ ಇದೆಯೇ ಎಂಬ ಪ್ರಶ್ನೆಯಾಯಿತು. ಬೆನ್ ಅವರ ರಾಜಕೀಯ ಜಾಣತನ ಇರುವುದು ಇಲ್ಲಿ. ಪ್ರಧಾನಿ ಮ್ಯಾಕ್‌ಮಿಲನ್‌ರ ಕನ್ಸರ್ವೇಟಿವ್ ಸರ್ಕಾರ ಎರಡೂ ಸದನಗಳ ಜಂಟಿ ಸಮಿತಿ ನೇಮಿಸಿತು, ಅದರ ಶಿಫಾರಸಿನ ಮೇಲೆ ಲಾರ್ಡ್ ಪದವಿ ಬಿಡಲು ಅವಕಾಶ ಕೊಡುವ ಪೀರೇಜ್ ಕಾಯ್ದೆ ಬಂತು. 1963ರ ಜುಲೈ 31ರ ಸಂಜೆ ಆರು ಗಂಟೆ ಸುಮಾರಿಗೆ ರಾಣಿಯ ಅಂಕಿತ ಬಿತ್ತು. 6 ಗಂಟೆ 22 ನಿಮಿಷಕ್ಕೆ ಬೆನ್ ಪದವಿ ತ್ಯಜಿಸಿದರು, ಹಾಗೆ ಮಾಡಿದವರಲ್ಲಿ ಮೊದಲಿಗರು ಅವರೇ. ಸೇಂಟ್ ಕ್ಲೇರ್ ಕೊಟ್ಟ ಮಾತಿನಂತೆ ರಾಜೀನಾಮೆ ಕೊಟ್ಟರು. ಆಗಸ್ಟ್ 20ರ ಉಪಚುನಾವಣೆಯಲ್ಲಿ ಲಿಬರಲ್, ಕನ್ಸರ್ವೇಟಿವ್ ಪಕ್ಷಗಳೆರಡೂ ಅಭ್ಯರ್ಥಿ ಹಾಕದೆ ಬೆನ್ ಸುಲಭವಾಗಿ ಗೆದ್ದರು.

ಕಾಯ್ದೆಯ ಮೊದಲ ದೊಡ್ಡ ಲಾಭ ಸಿಕ್ಕಿದ್ದು ಮಾತ್ರ ಬೆನ್ ವಿರೋಧಿಗಳಿಗೆ. ಮುಂದಿನ ಸಾರ್ವತ್ರಿಕ ಚುನಾವಣೆಯ ಹೊತ್ತಿಗೆ ಜಾರಿಗೆ ಬರಲಿ ಎಂದು ಸರ್ಕಾರ ಯೋಚಿಸಿತ್ತು. ತಕ್ಷಣವೇ ಜಾರಿಯಾಗಲಿ ಎಂದು ತಿದ್ದಿದವರು ಲಾರ್ಡ್ಸ್. ಅಕ್ಟೋಬರಿನಲ್ಲಿ ಮ್ಯಾಕ್‌ಮಿಲನ್ ಅನಾರೋಗ್ಯದಿಂದ ಇಳಿದಾಗ, ಆ ತಿದ್ದುಪಡಿಯ ದೆಸೆಯಿಂದ ಇಬ್ಬರು ಲಾರ್ಡ್‌ಗಳು ಪ್ರಧಾನಿ ಪಟ್ಟಕ್ಕೆ ಸ್ಪರ್ಧೆಗಿಳಿದರು, ಹೇಲ್‌ಶಾಮ್ ಮತ್ತು ಹದಿನಾಲ್ಕನೇ ಅರ್ಲ್ ಆಫ್ ಹೋಮ್. ಗೆದ್ದದ್ದು ಹೋಮ್. ಪ್ರಧಾನಿಯಾದ ಕೆಲವೇ ದಿನಗಳಲ್ಲಿ, ಅಕ್ಟೋಬರ್ 23ರಂದು, ಅರ್ಲ್ ಪದವಿ ಬಿಟ್ಟು ಸರ್ ಅಲೆಕ್ ಡಗ್ಲಸ್-ಹೋಮ್ ಆದರು. ನವೆಂಬರಿನಲ್ಲಿ ಸ್ಕಾಟ್ಲೆಂಡಿನ ಒಂದು ಕ್ಷೇತ್ರದಿಂದ ಗೆಲ್ಲುವವರೆಗೆ ಸುಮಾರು ಎರಡು ವಾರ ಬ್ರಿಟನ್ನಿನ ಪ್ರಧಾನಿ ಯಾವ ಸದನದ ಸದಸ್ಯನೂ ಆಗಿರಲಿಲ್ಲ. ಹದಿನಾಲ್ಕನೇ ಅರ್ಲ್ ಎಂದು ಲೇಬರ್ ನಾಯಕ ಹೆರಾಲ್ಡ್ ವಿಲ್ಸನ್ ಹಂಗಿಸಿದಾಗ, ಹಾಗೆ ನೋಡಿದರೆ ಅವರೂ ಹದಿನಾಲ್ಕನೇ ಮಿಸ್ಟರ್ ವಿಲ್ಸನ್ನೇ ಇರಬೇಕಲ್ಲ ಎಂದು ಹೋಮ್ ತಣ್ಣಗೆ ತಿರುಗೇಟು ಕೊಟ್ಟರು. ವಂಶದ ಪದವಿಯ ವಿರುದ್ಧ ಲೇಬರ್ ಸಂಸದನೊಬ್ಬ ಮಾಡಿದ ಹೋರಾಟ ಒಬ್ಬ ಅರ್ಲ್‌ನನ್ನು ಪ್ರಧಾನಿ ಮಾಡಿತು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. 1963ರ ಕಾಯ್ದೆ ಪದವಿಯನ್ನು ಕೊನೆಗೊಳಿಸುವುದಿಲ್ಲ. ಬಿಟ್ಟವನ ಜೀವಿತಾವಧಿಗೆ ಮಾತ್ರ ಅದನ್ನು ಅವನಿಂದ ಕಳಚುತ್ತದೆ. ಹುಟ್ಟದ ಮೊಮ್ಮಕ್ಕಳ ಪಾಲು ಎಂಬ ಹಳೆಯ ತರ್ಕವನ್ನು ಹಾಗೇ ಉಳಿಸಿಕೊಂಡೇ ಕಾಯ್ದೆ ಮಾಡಿದರು. ಪದವಿ ಬಂದ ಹನ್ನೆರಡು ತಿಂಗಳೊಳಗೆ ತೀರ್ಮಾನಿಸಬೇಕು, ಆಗಲೇ ಕೆಳಮನೆಯ ಸದಸ್ಯನಾಗಿದ್ದರೆ ಒಂದೇ ತಿಂಗಳು. ಒಮ್ಮೆ ಬಿಟ್ಟರೆ ಮನಸ್ಸು ಬದಲಾಯಿಸುವಂತಿಲ್ಲ. ಹೆಂಡತಿಯ ಗೌರವನಾಮವೂ ಹೋಗುತ್ತದೆ. ಬಿಟ್ಟವನು ಸತ್ತ ದಿನ ಪದವಿ, ಏನೂ ನಡೆದಿಲ್ಲವೆಂಬಂತೆ, ಮುಂದಿನ ವಾರಸುದಾರನಿಗೆ ಇಳಿಯುತ್ತದೆ. ಹಾಗಾಗಿ 1963ರಿಂದ 2014ರವರೆಗೆ ವೈಕೌಂಟ್ ಸ್ಟಾನ್ಸ್‌ಗೇಟ್ ಎಂಬ ಮನುಷ್ಯ ಇರಲಿಲ್ಲ, ಪದವಿ ಇತ್ತು. 2014ರ ಮಾರ್ಚ್ 14ರಂದು ಟೋನಿ ತೀರಿಕೊಂಡಾಗ ಹಿರಿಯ ಮಗ ಸ್ಟೀಫನ್ ಮೂರನೇ ವೈಕೌಂಟ್ ಆದರು. ಅದಕ್ಕೆ ಅವರು ಕೇಳಬೇಕಾಗಿರಲಿಲ್ಲ, ತಂದೆಯೂ 1960ರಲ್ಲಿ ಕೇಳಿರಲಿಲ್ಲ.

ಸಂಸತ್ತಿನ ಕುರ್ಚಿ ಮಾತ್ರ ಅವರಿಗೆ ತಾನಾಗಿ ಬರಲಿಲ್ಲ. 1999ರಲ್ಲಿ ಬ್ಲೇರ್ ಸರ್ಕಾರ ವಂಶಪಾರಂಪರ್ಯದ ಸದಸ್ಯರಲ್ಲಿ 92 ಮಂದಿಯನ್ನುಳಿದು ಎಲ್ಲರನ್ನೂ ಲಾರ್ಡ್ಸ್‌ನಿಂದ ಹೊರಗೆ ಕಳಿಸಿತ್ತು. ಆ 92ರಲ್ಲಿ ಒಬ್ಬರು ತೀರಿಕೊಂಡರೆ ಅಥವಾ ನಿವೃತ್ತರಾದರೆ ಉಪಚುನಾವಣೆ ನಡೆಯುತ್ತಿತ್ತು. ಅದಕ್ಕೆ ನಿಲ್ಲಬೇಕಾದರೆ ವಂಶದ ಪದವಿ ಇರಬೇಕಿತ್ತು. ಲೇಬರ್ ಪಾಲಿನ ಸ್ಥಾನಗಳು ಬೆರಳೆಣಿಕೆಯಷ್ಟು, ಅದಕ್ಕೆ ಅರ್ಹರಾದ ಲೇಬರ್ ಲಾರ್ಡ್‌ಗಳೂ ಅಷ್ಟೇ ವಿರಳ. 2021ರ ಜುಲೈನಲ್ಲಿ ಅಂಥ ಒಂದು ಸ್ಥಾನಕ್ಕೆ ನಿಂತ ಏಕೈಕ ಅಭ್ಯರ್ಥಿ ಸ್ಟೀಫನ್. ಅವಿರೋಧ ಆಯ್ಕೆ. ಅಪ್ಪ 23,275 ಮತ ಪಡೆದರೂ ಹೊರಗೆ ನಿಂತರು, ಮಗ ಎದುರಾಳಿಯೇ ಇಲ್ಲದೆ ಒಳಗೆ ಹೋದರು. ಇದನ್ನು ದ್ರೋಹ ಎಂದವರಿದ್ದಾರೆ, ನಾನು ಹಾಗೆ ಹೇಳುವುದಿಲ್ಲ. ಟೋನಿಯ ತಕರಾರು ತನ್ನನ್ನು ಆರಿಸಿದವರಿಂದ ತನ್ನನ್ನು ಕಿತ್ತುಕೊಳ್ಳುವ ಪದವಿಯ ಬಗ್ಗೆ ಇತ್ತು. ಸ್ಟೀಫನ್ ಯಾವ ಮತದಾರರನ್ನೂ ಬಿಟ್ಟು ಬಂದಿರಲಿಲ್ಲ, ವಿಜ್ಞಾನ ಸಂಸ್ಥೆಗಳಿಗೂ ಸಂಸತ್ತಿಗೂ ನಡುವೆ ಸಂಪರ್ಕದ ಕೆಲಸ ಮಾಡಿಕೊಂಡಿದ್ದವರು. ಹಾಗಿದ್ದೂ, ಮೇಲ್ಮನೆಯನ್ನೇ ತೆಗೆದುಹಾಕಬೇಕೆಂದು ಸಂಸತ್ತಿನಲ್ಲಿ ಮಸೂದೆ ಮಂಡಿಸಿದ್ದ ತಂದೆ ಇದನ್ನು ನೋಡಿ ಹುಬ್ಬು ಗಂಟಿಕ್ಕುತ್ತಿದ್ದರೇನೋ.

ಕುಟುಂಬದ ಉಳಿದವರ ಬಗ್ಗೆಯೂ ಹೇಳಬೇಕು. ಟೋನಿಯ ಪತ್ನಿ ಕ್ಯಾರೊಲಿನ್ ಅಮೆರಿಕದ ಸಿನ್ಸಿನಾಟಿಯವರು. 1948ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಒಂದು ಚಹಾಕೂಟದಲ್ಲಿ ಪರಿಚಯ. ಒಂಬತ್ತು ದಿನಕ್ಕೆ ಅಲ್ಲಿನ ಒಂದು ಉದ್ಯಾನದ ಬೆಂಚಿನ ಮೇಲೆ ಟೋನಿ ಮದುವೆಯ ಪ್ರಸ್ತಾಪವಿಟ್ಟರು. ಮುಂದೆ ಆ ಬೆಂಚನ್ನೇ ಆಕ್ಸ್‌ಫರ್ಡ್ ನಗರಸಭೆಯಿಂದ ಹತ್ತು ಪೌಂಡ್ ಕೊಟ್ಟು ಕೊಂಡು ಲಂಡನ್ನಿನ ತಮ್ಮ ಮನೆಯ ತೋಟದಲ್ಲಿ ಹಾಕಿಕೊಂಡರು. ಶ್ರೀಮಂತರ ಮಕ್ಕಳೂ ಬಡವರ ಮಕ್ಕಳೂ ಒಂದೇ ಸರ್ಕಾರಿ ಶಾಲೆಯಲ್ಲಿ ಓದಬೇಕೆಂಬ ಚಳವಳಿಗೆ ಕ್ಯಾರೊಲಿನ್ ಬದುಕು ಕೊಟ್ಟರು. ವೆಸ್ಟ್‌ಮಿನ್‌ಸ್ಟರ್ ಎಂಬ ದುಬಾರಿ ಶಾಲೆಯಲ್ಲಿ ಓದಿದ ಗಂಡ ಎಡಕ್ಕೆ ವಾಲಿದ್ದರಲ್ಲಿ ಆಕೆಯ ಪಾತ್ರ ದೊಡ್ಡದು, ಪತ್ರಿಕೆಗಳು ಅದನ್ನು ಅಷ್ಟಾಗಿ ಗುರುತಿಸಲಿಲ್ಲ. ಆಕೆ ತೀರಿಕೊಂಡದ್ದು 2000ದಲ್ಲಿ.

ನಾಲ್ವರು ಮಕ್ಕಳಲ್ಲಿ ಎರಡನೆಯವರಾದ ಹಿಲರಿ ಬೆನ್ 1999ರಿಂದ ಲೀಡ್ಸ್‌ನ ಸಂಸದ, ಬ್ಲೇರ್ ಮತ್ತು ಬ್ರೌನ್ ಸಂಪುಟಗಳಲ್ಲಿ ಸಚಿವ, 2024ರ ಜುಲೈನಲ್ಲಿ ಉತ್ತರ ಐರ್ಲೆಂಡ್ ವ್ಯವಹಾರಗಳ ಸಚಿವರಾದರು. ತಾನು ಬೆನ್ ಹೌದು, ಬೆನ್‌ವಾದಿ ಅಲ್ಲ ಎಂದು ಮೊದಲ ಚುನಾವಣೆಯಲ್ಲೇ ಹೇಳಿಕೊಂಡವರು. ಇರಾಕ್ ಯುದ್ಧದ ಹೊತ್ತಿಗೆ ಅಪ್ಪ ಯುದ್ಧವಿರೋಧಿ ಒಕ್ಕೂಟದ ಅಧ್ಯಕ್ಷ, ಮಗ ಯುದ್ಧಕ್ಕೆ ಹೊರಟ ಸರ್ಕಾರದಲ್ಲಿ ಸಚಿವ. ಆದರೂ ಮನೆ ಒಡೆಯಲಿಲ್ಲ. ಹಿಲರಿಯ ಮಾತು ಕೇಳಿ ಟೋನಿ ದಶಕಗಳ ಹಿಂದೆಯೇ ಮಾಂಸ ಬಿಟ್ಟಿದ್ದರು, ಆ ವಿಷಯದಲ್ಲಂತೂ ಮಗನದೇ ಮೇಲುಗೈ. ಮಗಳು ಮೆಲಿಸಾ ತಾಯಿಯ ದಾರಿಯಲ್ಲಿ ಶಾಲಾ ಶಿಕ್ಷಣದ ಬಗ್ಗೆ ಬರೆಯುವ ಪತ್ರಕರ್ತೆ.

ಟೋನಿಯ ರಾಜಕೀಯವನ್ನು ಇಲ್ಲಿ ವಿಸ್ತರಿಸುವುದಿಲ್ಲ. ವಿಲ್ಸನ್ ಮತ್ತು ಕ್ಯಾಲಹನ್ ಸರ್ಕಾರಗಳಲ್ಲಿ ಅಂಚೆ, ತಂತ್ರಜ್ಞಾನ, ಕೈಗಾರಿಕೆ, ಇಂಧನ ಖಾತೆಗಳು, 1981ರಲ್ಲಿ ಪಕ್ಷದ ಉಪನಾಯಕ ಸ್ಥಾನಕ್ಕೆ ಶೇಕಡಾ ಒಂದಕ್ಕಿಂತ ಕಡಿಮೆ ಅಂತರದ ಸೋಲು, 1983ರಲ್ಲಿ ಬ್ರಿಸ್ಟಲ್ಲಿನಲ್ಲಿ ಸೋತು ಮರುವರ್ಷ ಚೆಸ್ಟರ್‌ಫೀಲ್ಡ್‌ನಿಂದ ಮರಳಿದ್ದು, 2001ರಲ್ಲಿ ರಾಜಕೀಯಕ್ಕೆ ಹೆಚ್ಚು ಸಮಯ ಕೊಡಲು ಸಂಸತ್ತು ಬಿಡುತ್ತಿದ್ದೇನೆ ಎಂದು ಹೇಳಿ ನಿವೃತ್ತರಾದದ್ದು. ಹೋಮ್ ಮತ್ತು ಹೇಲ್‌ಶಾಮ್ ಇಬ್ಬರೂ ಕೆಲವು ವರ್ಷಗಳ ಬಳಿಕ ಆಜೀವ ಪದವಿ ಪಡೆದು ಲಾರ್ಡ್ಸ್‌ಗೆ ಹಿಂದಿರುಗಿದರು. ಬೆನ್ ಆ ಕಡೆ ತಿರುಗಿ ನೋಡಲಿಲ್ಲ. ಸಂಸತ್ತಿನ ಚಹಾ ಕೋಣೆ, ಗ್ರಂಥಾಲಯಗಳಿಗೆ ಬಂದುಹೋಗಲು ಸ್ಪೀಕರ್ ಕೊಟ್ಟ ವಿಶೇಷ ಅನುಮತಿಯಷ್ಟೇ ಅವರಿಗೆ ಸಾಕಿತ್ತು.

ಕೊನೆಗೆ, ಮುಂದೇನು ಎಂದರೆ, ಸ್ಟಾನ್ಸ್‌ಗೇಟ್ ಪದವಿ ಗಂಡುಮಕ್ಕಳ ಸಾಲಿನಲ್ಲಿ ಮಾತ್ರ ಇಳಿಯುತ್ತದೆ. ಸ್ಟೀಫನ್ನರ ಮಗಳು ಎಮಿಲಿ ಇಪ್ಪತ್ತರ ವಯಸ್ಸಿಗೇ, 2010ರ ಚುನಾವಣೆಯಲ್ಲಿ, ಲೇಬರ್ ಅಭ್ಯರ್ಥಿಯಾಗಿ ಸ್ಪರ್ಧಿಸಿದವರು. ಅವರಿಗೆ ಈ ಪದವಿ ಬರುವುದಿಲ್ಲ, ತಮ್ಮನಿಗೆ ಹೋಗುತ್ತದೆ. ಉಳಿದ 92 ಸ್ಥಾನಗಳನ್ನೂ ರದ್ದು ಮಾಡುವ ಮಸೂದೆಯನ್ನು 2024ರ ಸೆಪ್ಟೆಂಬರಿನಲ್ಲಿ ತಂದದ್ದು ಲೇಬರ್ ಸರ್ಕಾರ, ಆಗ ಹಿಲರಿ ಆ ಸಂಪುಟದ ಸದಸ್ಯ, ಅಣ್ಣ ಸ್ಟೀಫನ್ ಅದು ತೆಗೆಯಹೊರಟ ಸದಸ್ಯರಲ್ಲಿ ಒಬ್ಬರಾಗಿದ್ದರು. ಆ ಮಸೂದೆ ಮುಟ್ಟುವುದು ಸಂಸತ್ತಿನ ಕುರ್ಚಿಯನ್ನು ಮಾತ್ರ. ವೈಕೌಂಟ್ ಎಂಬ ಹೆಸರು, ವಂಶದಲ್ಲಿ ಗಂಡು ವಾರಸುದಾರ ಇರುವವರೆಗೆ, ಯಾರಿಗೆ ಬೇಕಿರಲಿ ಬೇಡವಿರಲಿ, ಇಳಿಯುತ್ತಲೇ ಹೋಗುತ್ತದೆ.